ಕೊಡಗಿನ ತೇವದಲ್ಲಿ ಹಂಚಿಕೆಯ ಮಣ್ಣು–ಮಾಡೆಲ್ ವರ್ಕ್‌ಶಾಪ್: ಸುರಕ್ಷಿತ ಬಳಕೆಯ ಸಮಗ್ರ ಮಾರ್ಗದರ್ಶಿ

ಮಡಕೆ ಮಾಡುವವರೂ ಕಟ್ಟಡದ ಮಾಡೆಲ್ ಮಾಡುವವರೂ ಹಂಚಿಕೊಳ್ಳುವ ವರ್ಕ್‌ಶಾಪ್‌ನಲ್ಲಿ ಜೂನ್ ಬಂತೆಂದರೆ ಅವೇ ದೂರುಗಳು. ಮೊದಲ ಸುಡುವಿಕೆಯಲ್ಲೇ ಒಂದು ಬಟ್ಟಲು ಸಿಡಿದು ಪಕ್ಕದವರ ನಾಲ್ಕು ಬಟ್ಟಲು ಹಾಳಾದವು. ಕಿಲ್ನ್ (ಮಡಕೆ ಸುಡುವ ವಿದ್ಯುತ್ ಗೂಡು) ಹಾಕಿ ಐದು ನಿಮಿಷ ಆಗಿಲ್ಲ, ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್) ಟ್ರಿಪ್ ಆಯಿತು. ಲೇಸರ್‌ನಲ್ಲಿ ಬೋರ್ಡ್ ಕತ್ತರಿಸಿದ ಮೇಲೆ ಗಂಟಲು ಉರಿ ನಿಲ್ಲುತ್ತಿಲ್ಲ. ಧೂಳು ಒದ್ದೆಯಾಗಿರಬೇಕು, ಮಡಕೆ, ಸ್ವಿಚ್, ಕೈ ಒಣಗಿರಬೇಕು, ಕಿಟಕಿ ತೆರೆದಿರಬೇಕು. ಕೊಡಗಿನ ಮಳೆಗಾಲದಲ್ಲಿ ಈ ಮೂರೂ ತಿರುಗುಮುರುಗಾಗುತ್ತವೆ. ಆದ್ದರಿಂದ ಕೆಳಗಿನ ಕ್ರಮವನ್ನು ಹಿಂದುಮುಂದು ಮಾಡಬೇಡಿ.

1. ಮನೆಯಿಂದ ಹೊರಡುವಾಗ

ಬೇಕಾದದ್ದು: ಮುಂದೆ ಮುಚ್ಚಿದ ಗಟ್ಟಿ ಚಪ್ಪಲಿ ಅಥವಾ ಶೂ, ಹತ್ತಿಯ ಅಂಗಿ, ಒರೆಸಿ ತೊಳೆಯಬಹುದಾದ ಏಪ್ರನ್, ಕಣ್ಣಿನ ಗಾಗಲ್, ಎನ್95 ಅಥವಾ ಐಎಸ್ 9473 ಗುರುತಿನ ಎಫ್‌ಎಫ್‌ಪಿ2 ಮಾಸ್ಕ್, ಎರಡು ಸ್ಪಂಜು. ಆಸ್ಪತ್ರೆಯ ನೀಲಿ ಮಾಸ್ಕ್ ಮಣ್ಣಿನ ಧೂಳಿಗೆ ಏನೂ ಮಾಡದು. ಗಡ್ಡ ದಟ್ಟವಾಗಿದ್ದರೆ ಎನ್95 ಕೂಡ ಮುಖಕ್ಕೆ ಅಂಟಿ ಕೂರುವುದಿಲ್ಲ.

ದುಪಟ್ಟಾ, ಸೆರಗು, ಮಫ್ಲರ್, ಬಳೆ, ಉಂಗುರ ಮನೆಯಲ್ಲೇ ಇರಲಿ. ಚಳಿಗೆ ಹಾಕಿದ ಜಾಕೆಟ್‌ನ ನೇತಾಡುವ ದಾರವನ್ನು ಒಳಗೆ ಸಿಕ್ಕಿಸಿ. ಡ್ರಿಲ್‌ಗೆ ಸುತ್ತಿಕೊಳ್ಳುವುದು ಹೆಚ್ಚಾಗಿ ಅದೇ. ಕಾಲಿಗೆ ಇಂಬಳ ಕಚ್ಚಿದ ಗಾಯವಿದ್ದರೂ, ಬೆರಳು ಬಿರಿದಿದ್ದರೂ ನೀರು ನುಗ್ಗದ ಪ್ಲಾಸ್ಟರ್ ಅಂಟಿಸಿಕೊಂಡೇ ಬನ್ನಿ. ಹಳೆಯ ಜೇಡಿಮಣ್ಣಿನಲ್ಲಿ ಬೂಷ್ಟು, ಬ್ಯಾಕ್ಟೀರಿಯಾ ಸಾಕಷ್ಟಿರುತ್ತವೆ.

2. ಒಳಗೆ ಬಂದ ಮೊದಲ ಹತ್ತು ನಿಮಿಷ

ಮೊದಲು ದಾಖಲೆ ಪುಸ್ತಕ ಓದಿ, ಆಮೇಲಷ್ಟೇ ಲೈಟ್ ಬಿಟ್ಟು ಬೇರೆ ಸ್ವಿಚ್ ಮುಟ್ಟಿ. ಕಿಲ್ನ್ ಉರಿಯುತ್ತಿದೆಯೇ, ತಣಿಯುತ್ತಿದೆಯೇ, ಯಾವ ಯಂತ್ರ ಕೆಟ್ಟಿದೆ ಎಂಬುದು ಅಲ್ಲಿರಬೇಕು. ಪುಸ್ತಕ ಖಾಲಿ ಇದ್ದರೆ ಕಿಲ್ನ್ ಬಿಸಿಯಿದೆ ಎಂದೇ ತಿಳಿಯಿರಿ.

ನಂತರ ತಲೆಯೆತ್ತಿ ಮಾಡನ್ನು (ಛಾವಣಿಯನ್ನು) ನೋಡಿ. ಹೆಂಚಿನ ಮಾಡು ಸೋರುವ ಜಾಗ ವರ್ಷವರ್ಷವೂ ಬದಲಾಗುತ್ತದೆ. ಕಿಲ್ನ್, ಪ್ಲಗ್ ಬೋರ್ಡ್, ಲೇಸರ್ ಮೇಲೆ ಹನಿ ಬಿದ್ದ ಗುರುತಿದ್ದರೆ ಆ ಯಂತ್ರಕ್ಕೆ ಆ ದಿನ ರಜೆ. ಆಮೇಲೆ ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ. ಟಪ್ ಎಂದು ಬೀಳಬೇಕು. ಬೀಳದಿದ್ದರೆ ಮೇನ್ ಆಫ್ ಮಾಡಿ ಎಲೆಕ್ಟ್ರೀಷಿಯನ್ ಕರೆಯಿರಿ. ಮನುಷ್ಯನನ್ನು ಕಾಯುವುದಕ್ಕೆ 30 ಮಿಲಿ ಆಂಪಿಯರ್‌ನದು ಬೇಕು. 100 ಅಥವಾ 300ರದ್ದು ಬೆಂಕಿ ತಡೆಯಲಷ್ಟೇ.

ಕೊನೆಗೆ ಎದುರುಬದುರಿನ ಎರಡು ಕಿಟಕಿ ನಾಲ್ಕು ಬೆರಳಿನಷ್ಟಾದರೂ ತೆರೆಯಿರಿ. ಮಂಜು ಒಳಗೆ ಬರುತ್ತದೆ, ಚಳಿಯಾಗುತ್ತದೆ ಎಂದು ಎಲ್ಲ ಮುಚ್ಚಿ ಕೂರುವುದೇ ಇಲ್ಲಿಯ ದೊಡ್ಡ ತಪ್ಪು. ಅಂಟಿನ ಹೊಗೆ, ಕಿಲ್ನ್‌ನ ಕಾರ್ಬನ್ ಮಾನಾಕ್ಸೈಡ್, ಮಣ್ಣಿನ ಧೂಳು ಮೂರೂ ಒಂದೇ ಕೋಣೆಯಲ್ಲಿ ನಿಲ್ಲುತ್ತವೆ.

3. ಮಣ್ಣು ಮತ್ತು ಧೂಳು

ಜೇಡಿಮಣ್ಣಿನಲ್ಲೂ ಗ್ಲೇಜ್‌ನಲ್ಲೂ (ಸುಟ್ಟಾಗ ಮಡಕೆಗೆ ಗಾಜಿನ ಹೊಳಪು ಕೊಡುವ ಲೇಪ) ಸಿಲಿಕಾ ಇದೆ. ಕಣ್ಣಿಗೆ ಕಾಣುವ ಧೂಳು ಮೂಗಲ್ಲೇ ನಿಲ್ಲುತ್ತದೆ. ಕಾಣದಷ್ಟು ನುಣುಪಾದದ್ದು ಶ್ವಾಸಕೋಶದ ತಳಕ್ಕೆ ಇಳಿದು ವರ್ಷಗಟ್ಟಲೆ ಕೂಡಿಕೊಂಡು ಸಿಲಿಕೋಸಿಸ್ ತರುತ್ತದೆ. ಅದಕ್ಕೆ ವಾಸಿಯಿಲ್ಲ.

ಆದ್ದರಿಂದ ಪೊರಕೆ ನಿಷಿದ್ಧ. ಟೇಬಲ್‌ಗೆ ಒದ್ದೆ ಸ್ಪಂಜು, ನೆಲಕ್ಕೆ ಒದ್ದೆ ಮಾಪ್. ಒಣಗಿದ ಮಡಕೆಯನ್ನು ಮರಳು ಕಾಗದದಿಂದ ಉಜ್ಜಬೇಡಿ. ಚರ್ಮದ ಹದದಲ್ಲಿ, ಅಂದರೆ ಅರ್ಧ ಒಣಗಿ ಚರ್ಮದಷ್ಟು ಗಟ್ಟಿಯಾಗಿರುವಾಗಲೇ, ಲೋಹದ ರಿಬ್‌ನಿಂದ (ಮಣ್ಣು ಸವರುವ ತೆಳು ತಗಡು) ನಯ ಮಾಡಿ. ಒಣ ಪುಡಿಯನ್ನು ನೀರಿಗೆ ಹಾಕಬೇಕೇ ಹೊರತು ಪುಡಿಯ ಮೇಲೆ ನೀರು ಸುರಿಯಬಾರದು. ಪುಡಿ ತೂಗುವಾಗ ಮಾಸ್ಕ್ ಬೇಕೇ ಬೇಕು, ಫ್ಯಾನ್ ಆಫ್ ಆಗಿರಬೇಕು.

ಕೈ ತೊಳೆದ ನೀರನ್ನು ಸಿಂಕಿಗೆ ಬಿಡಬೇಡಿ. ಮೂರು ಬಕೆಟ್ ಸಾಲಾಗಿಡಿ: ಮೊದಲನೆಯದರಲ್ಲಿ ಕೆಸರು ಕೈ, ಎರಡನೆಯದರಲ್ಲಿ ಇನ್ನೊಮ್ಮೆ, ಮೂರನೆಯದರಲ್ಲಿ ಕೊನೆಯ ತೊಳೆತ. ರಾತ್ರಿ ಕಳೆದರೆ ಮಣ್ಣು ತಳಕ್ಕೆ ಕೂರುತ್ತದೆ. ಗ್ಲೇಜ್ ನೀರಿನ ಬಕೆಟ್ ಬೇರೆಯೇ ಇರಲಿ. ಅದು ತೋಡಿಗೂ ಹೋಗಬಾರದು, ತೋಟಕ್ಕೂ ಹೋಗಬಾರದು.

4. ತಿಗರಿ, ಸ್ಲ್ಯಾಬ್ ರೋಲರ್, ಪಗ್ ಮಿಲ್

ತಿಗರಿ ಇವುಗಳಲ್ಲಿ ಸಾಧು. ಪ್ಲಗ್ ನೆಲದ ಮೇಲಿರದಂತೆ ನೋಡಿಕೊಳ್ಳಿ, ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟಬೇಡಿ, ಪೆಡಲ್ ಶೂನ್ಯಕ್ಕೆ ತಂದ ಮೇಲೆ ಆನ್ ಮಾಡಿ. ಮಣ್ಣನ್ನು ಹಾಳೆಯಂತೆ ಲಟ್ಟಿಸುವ ಸ್ಲ್ಯಾಬ್ ರೋಲರ್‌ಗೆ ಒಬ್ಬರೇ ನಿಲ್ಲಿ. ಒಬ್ಬರು ತಿರುಗಿಸಿ ಇನ್ನೊಬ್ಬರು ಬಟ್ಟೆ ಸರಿಪಡಿಸುವಾಗಲೇ ಬೆರಳು ಸಿಕ್ಕಿಕೊಳ್ಳುವುದು.

ಮಣ್ಣು ನಾದುವ ಪಗ್ ಮಿಲ್ ಬೇರೆ ಮಾತು. ಮಣ್ಣು ಸಿಕ್ಕಿಕೊಂಡರೆ ಮೊದಲು ಸ್ವಿಚ್ ಆಫ್, ಆಮೇಲೆ ಪ್ಲಗ್ ಕಿತ್ತು ಅದರ ತುದಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ, ಆಮೇಲಷ್ಟೇ ಮುಚ್ಚಳ ತೆಗೆಯಿರಿ. ಮರದ ಕೋಲಿನಿಂದ ಒತ್ತಿ. ಕೈಯಿಂದ ಯಾವತ್ತೂ ಬೇಡ.

5. ಪ್ಲಾಸ್ಟರ್ ಅಚ್ಚು

1 ಲೀಟರ್ ನೀರಿಗೆ ಸುಮಾರು 1.4 ಕೆ.ಜಿ. ಪ್ಲಾಸ್ಟರ್ ಆಫ್ ಪ್ಯಾರಿಸ್. ನೀರಿನ ಮೇಲೆ ಉದುರಿಸಿ, ಎರಡು ನಿಮಿಷ ಬಿಟ್ಟು, ಗುಳ್ಳೆ ಏಳದಂತೆ ಎರಡು–ಮೂರು ನಿಮಿಷ ಕಲಸಿ ಸುರಿಯಿರಿ. ತೇವ ಹಿಡಿದ ಚೀಲದ ಪ್ಲಾಸ್ಟರ್ ಗಂಟುಗಂಟಾಗಿ ಇರುತ್ತದೆ, ಬಲವಿರುವುದಿಲ್ಲ. ಡ್ರಮ್ಮಿನಲ್ಲಿ ಮುಚ್ಚಿಡಿ, ಮುಚ್ಚಳದ ಮೇಲೆ ತೆರೆದ ತಾರೀಖು ಬರೆಯಿರಿ.

ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯಾಗುತ್ತದೆ. ಕೈಯ ಅಚ್ಚು ತೆಗೆಯುತ್ತೇನೆಂದು ಬಕೆಟ್ಟಿಗೆ ಕೈ ಅದ್ದಿ ಕೂತರೆ ಸುಡುವುದು ಗೊತ್ತಾಗುವ ಹೊತ್ತಿಗೆ ಕೈ ಹೊರಬರುವುದಿಲ್ಲ. ಅದಕ್ಕೆ ಆಲ್ಜಿನೇಟ್ ಎಂಬ, ಕೈ ಸುಡದ ಅಚ್ಚಿನ ಪುಡಿ ಇದೆ. ಅಚ್ಚು ಒಣಗಿಸಲು ಕಿಲ್ನ್ ಮುಚ್ಚಳದ ಮೇಲಿಡಬೇಡಿ. 50 ಡಿಗ್ರಿ ದಾಟಿದರೆ ಪ್ಲಾಸ್ಟರ್ ಪುಡಿಯಾಗತೊಡಗುತ್ತದೆ. ಆ ಪುಡಿ ಮಣ್ಣಿಗೆ ಸೇರಿದರೆ ಸುಟ್ಟ ಪಾತ್ರೆಯಿಂದ ವಾರಗಳ ನಂತರ ಚಕ್ಕೆ ಹಾರುತ್ತದೆ. ಪ್ಲಾಸ್ಟರ್ ಟೇಬಲ್, ಮಣ್ಣಿನ ಟೇಬಲ್ ಬೇರೆಬೇರೆ.

6. ಮಾಡೆಲ್ ಟೇಬಲ್

1:50ರ ಐನ್‌ಮನೆ (ಕೊಡವರ ಪೂರ್ವಿಕರ ಮನೆ) ಮಾಡೆಲ್ ತೆಗೆದುಕೊಳ್ಳೋಣ. ಕಂಬಗಳ ನಡುವೆ ಕೂರುವ ಮರದ ಹಲಗೆಯಾದ ಐಮರ ನಿಜದಲ್ಲಿ 2 ಮೀಟರ್ ಇದ್ದರೆ ಮಾಡೆಲ್‌ನಲ್ಲಿ 40 ಮಿ.ಮೀ. ಇಷ್ಟು ಸಣ್ಣ ತುಂಡನ್ನು ಬ್ಯಾಂಡ್ ಸಾದಲ್ಲಿ (ಪಟ್ಟಿ ಗರಗಸದ ಯಂತ್ರ) ಕತ್ತರಿಸಲು ಹೋಗುವುದೇ ತಪ್ಪು: ಬೆರಳು ಬ್ಲೇಡಿಗೆ ತೀರಾ ಹತ್ತಿರವಾಗುತ್ತದೆ. ಉದ್ದ ಪಟ್ಟಿಯನ್ನು ಮೊದಲು ಸೀಳಿ, ಆಮೇಲೆ ಕಟ್ಟರ್‌ನಲ್ಲಿ ತುಂಡು ಮಾಡಿ.

ಕಟ್ಟರ್‌ಗೆ ಉಕ್ಕಿನ ಸ್ಕೇಲು, ಕೆಳಗೆ ಕಟಿಂಗ್ ಮ್ಯಾಟ್. ಒಂದೇ ಏಟಿಗೆ ಒತ್ತದೆ ಮೂರು–ನಾಲ್ಕು ಸಲ ಹಗುರವಾಗಿ ಎಳೆಯಿರಿ. ಬ್ಲೇಡ್ ಮೊಂಡಾದಾಗಲೇ ಜಾರುವುದು. ತುದಿ ಮುರಿದು ಹೊಸದು ತನ್ನಿ, ಮುರಿದ ತುಂಡು ಮುಚ್ಚಳವಿರುವ ತಗಡಿನ ಡಬ್ಬಿಗೆ. ಡ್ರಿಲ್, ಬ್ಯಾಂಡ್ ಸಾ ಮುಂದೆ ಗ್ಲೌಸ್ ಹಾಕಬಾರದು. ಗ್ಲೌಸ್ ಸಿಕ್ಕಿದರೆ ಕೈಯನ್ನೂ ಎಳೆಯುತ್ತದೆ. ಮಳೆಗಾಲದಲ್ಲಿ ಅಂಚು ಉಬ್ಬಿದ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬ್ಲೇಡನ್ನು ಕಚ್ಚಿ ಹಿಡಿಯುತ್ತದೆ. ಅಂಥ ಅಂಚನ್ನು ಬಿಟ್ಟು ಒಳಭಾಗ ಬಳಸಿ.

ಲೇಸರ್ ವಿಷಯದಲ್ಲಿ ನಿಂತು ಹೇಳಬೇಕು. ಅಂಗಡಿಯಲ್ಲಿ ಸಿಗುವ ಸನ್‌ಬೋರ್ಡ್ ಸಾಮಾನ್ಯವಾಗಿ ಪಿವಿಸಿ ನೊರೆ ಹಲಗೆ. ಲೇಸರ್ ತಾಗಿದರೆ ಅದರಿಂದ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಬರುತ್ತದೆ: ನಿಮ್ಮ ಗಂಟಲು ಉರಿಯುತ್ತದೆ, ಯಂತ್ರದ ಹಳಿ ತುಕ್ಕು ಹಿಡಿಯುತ್ತದೆ, ಲೆನ್ಸ್ ಹಾಳಾಗುತ್ತದೆ. ಕಾಗದದ ನಡುವೆ ಥರ್ಮೋಕೋಲ್ ಇರುವ ಫೋಮ್ ಬೋರ್ಡ್ ನೋಡಲು ಹಾಗೇ ಇದ್ದರೂ ಬೇರೆ ವಸ್ತು, ಅದು ಹೊತ್ತಿಕೊಳ್ಳುತ್ತದೆ. ಎರಡನ್ನೂ ಕಟ್ಟರ್‌ನಲ್ಲೇ ಕತ್ತರಿಸಿ. ಯಾವ ಪ್ಲಾಸ್ಟಿಕ್ ಎಂದು ಅನುಮಾನವಿದ್ದರೆ ವರಾಂಡದಲ್ಲಿ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್‌ಗೆ ಮುಟ್ಟಿಸಿ, ಮತ್ತೆ ಜ್ವಾಲೆಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಕ್ಲೋರಿನ್ ಇದೆ, ಲೇಸರ್‌ಗೆ ಬೇಡ. ಅಕ್ರಿಲಿಕ್ ಕತ್ತರಿಸುವಾಗ ಎದ್ದು ಕಾಫಿಗೆ ಹೋಗಬೇಡಿ. ಸಣ್ಣ ಜ್ವಾಲೆ ಏಳಲು ಕೆಲವು ಸೆಕೆಂಡು ಸಾಕು.

ಅಂಟುಗಳು. ಸೂಪರ್ ಗ್ಲೂ ಗಾಳಿಯ ತೇವದಿಂದಲೇ ಗಟ್ಟಿಯಾಗುವುದರಿಂದ ಇಲ್ಲಿ ನೀವೆಣಿಸಿದ್ದಕ್ಕಿಂತ ಬೇಗ ಹಿಡಿಯುತ್ತದೆ. ಹತ್ತಿ ಬಟ್ಟೆಯಿಂದ ಒರೆಸಬೇಡಿ. ಹತ್ತಿಯೊಂದಿಗೆ ಸೇರಿದರೆ ಸುಡುವಷ್ಟು ಬಿಸಿಯಾಗುತ್ತದೆ. ಅಕ್ರಿಲಿಕ್ ಜೋಡಿಸಲು ಹಲವರು ಕ್ಲೋರೋಫಾರ್ಮ್ ಬಳಸುತ್ತಾರೆ. ಬಳಸಲೇಬೇಕಿದ್ದರೆ ಸಿರಿಂಜಿನಲ್ಲಿ ಕೆಲವೇ ಹನಿ, ತೆರೆದ ಕಿಟಕಿಯ ಪಕ್ಕ, ಕಿಲ್ನ್ ಉರಿಯದ ದಿನ. ಬಿಸಿಗೆ ಸಿಕ್ಕ ಅದರ ಆವಿಯಿಂದ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ. ಸ್ಪ್ರೇ ಪೇಂಟ್‌ಗೂ ಅದೇ ನಿಯಮ: ಮಂಜಿನಲ್ಲಿ ಹೊಳಪು ಬಿಳಚಿಕೊಳ್ಳುತ್ತದೆ ಎಂದು ಒಳಗೆ ತಂದು ಕಿಲ್ನ್ ಪಕ್ಕ ಹೊಡೆಯಬೇಡಿ. ಬಿಸಿಲು ಬರಲಿ, ಕಾಯಿರಿ.

7. ಗ್ಲೇಜ್

ಸೀಸ, ಬೇರಿಯಂ ಕಾರ್ಬೊನೇಟ್ ಇರುವ ಪುಡಿಗಳು ಹಂಚಿಕೆಯ ಜಾಗಕ್ಕೆ ಬರಲೇಬಾರದು. ಕೋಬಾಲ್ಟ್, ಮ್ಯಾಂಗನೀಸ್, ಕ್ರೋಮ್ ಪುಡಿಗೆ ಮಾಸ್ಕ್, ಗ್ಲೌಸ್. ಪ್ರತಿ ಡಬ್ಬಿಗೂ ಹೆಸರು, ಸುಡುವ ಉಷ್ಣತೆ, ಮಾಡಿದ ತಾರೀಖು. ಕುಡಿಯುವ ನೀರಿನ ಬಾಟಲಿಯಲ್ಲಿ ಗ್ಲೇಜ್ ತುಂಬಿಡುವವರನ್ನು ಬೈದರೂ ತಪ್ಪಿಲ್ಲ. ಕಾಫಿ ಲೋಟ ಈ ಟೇಬಲ್‌ಗೆ ಬೇಡ; ಕುಂಚ ಅದ್ದುವ ಲೋಟವೂ ಅದೂ ಅದಲುಬದಲಾಗುವುದು ಬಹಳ ಸುಲಭ.

ಊಟಕ್ಕೆ ಬಳಸುವ ಪಾತ್ರೆಯಾದರೆ ಬಿಳಿ ವಿನೆಗರ್ ತುಂಬಿ 24 ಗಂಟೆ ಇಟ್ಟು ನೋಡಿ. ಬಣ್ಣ ಮಾಸಿದರೆ, ಹೊಳಪು ಹೋದರೆ ಗ್ಲೇಜ್ ಕರಗುತ್ತಿದೆ ಎಂದರ್ಥ. ಅದರಲ್ಲಿ ಕಾಚಂಪುಳಿ (ಕೊಡಗಿನ ಅಡುಗೆಯ ಹಣ್ಣಿನ ಹುಳಿ), ಹುಣಸೆ, ಉಪ್ಪಿನಕಾಯಿ ಇಡಬಾರದು. ಕಾಚಂಪುಳಿಯಲ್ಲೇ ಪರೀಕ್ಷಿಸೋಣ ಎಂದರೆ ಅದರ ಕಪ್ಪು ಬಣ್ಣವೇ ಕಲೆ ಮಾಡಿ ಫಲಿತಾಂಶ ಮುಚ್ಚಿಬಿಡುತ್ತದೆ. ಈ ಪರೀಕ್ಷೆಯಲ್ಲಿ ಪಾಸಾದರೂ ಸೀಸ ಇಲ್ಲವೆಂದು ಹೇಳಲಾಗದು, ಅದಕ್ಕೆ ಲ್ಯಾಬ್ ಬೇಕು.

8. ಒಣಗಿಸುವುದು: ಎಲ್ಲರೂ ಸೋಲುವ ಜಾಗ

ಮಡಕೆ ಸಿಡಿಯುವುದು ಗಾಳಿಗುಳ್ಳೆಯಿಂದ ಎಂಬ ನಂಬಿಕೆ ಇನ್ನೂ ಹೋಗಿಲ್ಲ. ಸಿಡಿಸುವುದು ನೀರು. ಗೋಡೆಯೊಳಗಿನ ನೀರು ಆವಿಯಾಗುವಾಗ ಸುಮಾರು 1,700 ಪಟ್ಟು ಜಾಗ ಬೇಡುತ್ತದೆ. ದಾರಿ ಸಿಗದಿದ್ದರೆ ಗೋಡೆಯನ್ನೇ ಒಡೆಯುತ್ತದೆ. ಪೂರ್ತಿ ಮುಚ್ಚಿದ ಟೊಳ್ಳು ಆಕೃತಿಗೆ ಸೂಜಿರಂಧ್ರ ಬೇಕು, ಅದು ಬೇರೆ.

ಕಕ್ಕಡದ ತಿಂಗಳಲ್ಲಿ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಭಾಗಮಂಡಲ, ನಾಪೋಕ್ಲು ಕಡೆ ಮೂರು ವಾರ ಶೆಲ್ಫ್‌ನಲ್ಲಿಟ್ಟ ಬಟ್ಟಲು ಕೂಡ ಒಣಗಿರುವುದಿಲ್ಲ. ಬಣ್ಣ ತಿಳಿಯಾಗಿರುತ್ತದೆ, ಮುಟ್ಟಿದರೆ ಗಟ್ಟಿಯಿರುತ್ತದೆ, ಆದರೂ ಒಳಗೆ ನೀರಿರುತ್ತದೆ. ಕುಶಾಲನಗರದ ಕಡೆ ಮಳೆ ಕಡಿಮೆ, ಅಲ್ಲಿಯ ಲೆಕ್ಕವನ್ನು ಇಲ್ಲಿಗೆ ತರಬೇಡಿ.

ಕಣ್ಣನ್ನು ನಂಬದೆ ತಕ್ಕಡಿಯನ್ನು ನಂಬಿ. ಮೊದಲು ಅದೇ ಚೀಲದ ಮಣ್ಣಿನ 100 ಗ್ರಾಂ ಉಂಡೆಯನ್ನು ತೆಳ್ಳಗೆ ತಟ್ಟಿ, ಮನೆಯ ಓವನ್‌ನಲ್ಲಿ 90 ಡಿಗ್ರಿಯಲ್ಲಿ ತೂಕ ನಿಲ್ಲುವವರೆಗೆ ಒಣಗಿಸಿ. 78 ಗ್ರಾಂಗೆ ಇಳಿಯಿತು ಎನ್ನಿ. ಅಂದರೆ ನೂರಕ್ಕೆ 22 ನೀರು. ಈಗ ಮಾಡಿದ ತಕ್ಷಣ 600 ಗ್ರಾಂ ತೂಗಿದ ಬಟ್ಟಲು ಪೂರ್ತಿ ಒಣಗಿದಾಗ 468 ಗ್ರಾಂ ಇರಬೇಕು. ಶೆಲ್ಫ್‌ನಲ್ಲಿ ಅದು 488ಕ್ಕೆ ನಿಂತುಬಿಟ್ಟರೆ ಒಳಗೆ ಇನ್ನೂ 20 ಗ್ರಾಂ ನೀರಿದೆ. ಆವಿಯಾದರೆ 30 ಲೀಟರಿಗೂ ಹೆಚ್ಚು. ಹಸಿ ತೂಕವನ್ನು ಬಟ್ಟಲಿನ ತಳದಲ್ಲೇ ಗೀರಿ ಬರೆದಿಡಿ. ಆಮೇಲೆ ಕೆರೆದು ಮಣ್ಣು ತೆಗೆದರೆ ಕೆರೆದ ಮೇಲಿನ ತೂಕ ಬರೆಯಿರಿ, ಆ ಹೊತ್ತಿಗೆ ಹೋದ ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ. ತಕ್ಕಡಿ ಇಲ್ಲದಿದ್ದರೆ ತಳವನ್ನು ಕೆನ್ನೆಗೆ ಒತ್ತಿ: ತಣ್ಣಗೆ ತಾಗಿದರೆ ಇನ್ನೂ ಒದ್ದೆ.

ಒಣಗಿಸುವ ಕ್ರಮ ಹೀಗೆ. ಮೊದಲ ಎರಡು ದಿನ ಬಾಯಿಯ ಅಂಚಿಗೆ ಪ್ಲಾಸ್ಟಿಕ್ ಹೊದಿಸಿ, ತಂತಿ ಜಾಲರಿಯ ಶೆಲ್ಫ್‌ನಲ್ಲಿಡಿ. ಅಂಚು ಬೇಗ ಒಣಗಿ ತಳ ಹಿಂದೆ ಬಿದ್ದರೆ ಬಿರುಕು ಬರುತ್ತದೆ. ಚರ್ಮದ ಹದ ಬಂದ ಮೇಲೆ ಬೋರಲು ಹಾಕಿ. ಆಮೇಲೆ ಮುಚ್ಚಿದ ಬೀರುವಿನಲ್ಲಿ ಡಿಹ್ಯುಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಡಿ, ಇಲ್ಲವಾದರೆ ಕೆಳಗೆ 60 ವ್ಯಾಟಿನ ಹಳೆಯ ಬಲ್ಬು, ಮೇಲೆ ಗಾಳಿ ಹೋಗಲು ರಂಧ್ರ. ಬಲ್ಬಿನಿಂದ ಮರ, ಬಟ್ಟೆ ಒಂದಡಿ ದೂರ. ಫ್ಯಾನನ್ನು ನೇರ ಮಡಕೆಗೆ ಹಿಡಿದರೆ ಒಂದೇ ಮಗ್ಗಲು ಒಣಗಿ ಸೊಟ್ಟಗಾಗುತ್ತದೆ.

9. ಕಿಲ್ನ್

*ತುಂಬುವ ಮೊದಲು.* ಕಿಲ್ನ್ ಗೋಡೆಯಿಂದ 45 ಸೆಂ.ಮೀ. ದೂರವಿರಬೇಕು. ಮುಚ್ಚಳದ ಮೇಲೆ ಒದ್ದೆ ಜಾಕೆಟ್, ಸೌದೆ, ಛತ್ರಿ ಇದ್ದರೆ ತೆಗೆಯಿರಿ. ಬೆಚ್ಚಗಿರುವ ಜಾಗ ಕಂಡರೆ ಮಳೆಗಾಲದಲ್ಲಿ ಎಲ್ಲರಿಗೂ ಅದು ಅಗ್ಗಿಷ್ಟಿಕೆಯೇ. 7 ಕಿಲೋವ್ಯಾಟಿನ ಕಿಲ್ನ್ 230 ವೋಲ್ಟಿನಲ್ಲಿ ಸುಮಾರು 30 ಆಂಪಿಯರ್ ಎಳೆಯುತ್ತದೆ. ಅದಕ್ಕೆ ಬೇರೆಯೇ ಲೈನ್, 6 ಚದರ ಮಿ.ಮೀ. ತಾಮ್ರದ ತಂತಿಗಿಂತ ಕಡಿಮೆಯಿಲ್ಲದ್ದು ಬೇಕು. ಎಕ್ಸ್‌ಟೆನ್ಷನ್ ಬೋರ್ಡ್ ಮಾತೇ ಇಲ್ಲ.

*ಟ್ರಿಪ್ ಆದರೆ.* ವಾರಗಟ್ಟಲೆ ಸುಮ್ಮನಿದ್ದ ಕಿಲ್ನ್‌ನ ಇಟ್ಟಿಗೆ ತೇವ ಹೀರಿಕೊಂಡು ಕರೆಂಟ್ ಸೋರಿಸುತ್ತದೆ. ಆರ್‌ಸಿಸಿಬಿ ಬೈಪಾಸ್ ಮಾಡಿ ಓಡಿಸುವುದು ಸಾವನ್ನು ಕರೆದಂತೆ. ಮುಚ್ಚಳ ತೆರೆದಿಟ್ಟು, ಬೀರುವಿನ ಡಿಹ್ಯುಮಿಡಿಫೈಯರ್ ತಂದು ಒಂದು ದಿನ ಪಕ್ಕದಲ್ಲಿಡಿ. ಆಮೇಲೆ ಖಾಲಿ ಕಿಲ್ನ್ ಅನ್ನು 120 ಡಿಗ್ರಿಯಲ್ಲಿ ಎರಡು ಗಂಟೆ ಓಡಿಸಿ. ಆಗಲೂ ಬಿದ್ದರೆ ಸೋರುವುದು ತೇವದಿಂದಲ್ಲ, ಎಲೆಕ್ಟ್ರೀಷಿಯನ್ ನೋಡಲಿ.

*ಜೋಡಣೆ.* ಶೆಲ್ಫ್‌ಗೆ ಮೂರು ಕಾಲು, ನಾಲ್ಕಾದರೆ ಅಲುಗುತ್ತದೆ. ಬಿಸ್ಕ್‌ನಲ್ಲಿ (ಗ್ಲೇಜ್ ಬಳಿಯುವ ಮುಂಚಿನ ಮೊದಲ ಸುಡುವಿಕೆ) ಮಡಕೆ ಒಂದಕ್ಕೊಂದು ತಾಗಬಹುದು. ಗ್ಲೇಜ್‌ನಲ್ಲಿ ನಡುವೆ 5 ಮಿ.ಮೀ., ಎಲಿಮೆಂಟ್‌ನಿಂದ (ಕಾಯುವ ತಂತಿ) 25 ಮಿ.ಮೀ. ಬಿಡಬೇಕು, ತಳದಿಂದ 3 ಮಿ.ಮೀ. ಎತ್ತರದವರೆಗೆ ಗ್ಲೇಜ್ ಒರೆಸಿರಬೇಕು. ಅಲ್ಯೂಮಿನಾ, ಕಯೋಲಿನ್ ಸಮ ಪಾಲಿನ ಕಿಲ್ನ್ ವಾಶ್ (ಗ್ಲೇಜ್ ಶೆಲ್ಫ್‌ಗೆ ಅಂಟದಂತೆ ತಡೆಯುವ ಲೇಪ) ಬಳಿದ ಶೆಲ್ಫ್ ಮಾತ್ರ ಬಳಸಿ.

*ಬಿಸ್ಕ್ ಸುಡುವಿಕೆ.* ಸಮುದ್ರಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. 1,100 ಮೀಟರಿಗೂ ಮೇಲಿರುವ ಮಡಿಕೇರಿಯಲ್ಲಿ ಸುಮಾರು 96ಕ್ಕೇ. ಕಡಿಮೆ ಉಷ್ಣತೆಯಲ್ಲಿ ಥರ್ಮೋಕಪಲ್ (ಕಿಲ್ನ್‌ನ ಉಷ್ಣತೆ ಅಳೆಯುವ ಕಡ್ಡಿ) ಹತ್ತು ಡಿಗ್ರಿ ಸುಳ್ಳು ಹೇಳುವುದು ಮಾಮೂಲು. ಆದ್ದರಿಂದ ಬಯಲುಸೀಮೆಯವರು ಕೊಟ್ಟ 95 ಡಿಗ್ರಿಯ ಪ್ರೋಗ್ರಾಂ ಇಲ್ಲಿ ಹಾಕಬೇಡಿ, 80ರಲ್ಲಿ ನಿಲ್ಲಿಸಿ.

1. 80 ಡಿಗ್ರಿಗೆ ನಿಧಾನಕ್ಕೆ ಏರಿಸಿ. ಮುಚ್ಚಳ ಎರಡು ಬೆರಳು ಎತ್ತಿರಲಿ. ಮಡಕೆಯ ಗೋಡೆ 6 ಮಿ.ಮೀ. ಇದ್ದರೆ 4 ಗಂಟೆ, 12 ಮಿ.ಮೀ. ಇದ್ದರೆ 8 ಗಂಟೆ, ಅದಕ್ಕಿಂತ ದಪ್ಪವಾದರೆ ಇಡೀ ರಾತ್ರಿ.
2. ಮುಂದೆ ಹೋಗುವ ಮೊದಲು ತಣ್ಣನೆಯ ಕನ್ನಡಿಯೊಂದನ್ನು ಇಕ್ಕಳದಲ್ಲಿ ಹಿಡಿದು ಮೇಲಿನ ರಂಧ್ರಕ್ಕೆ ಒಡ್ಡಿ. ಮಬ್ಬು ಕವಿದರೆ ಇನ್ನೆರಡು ಗಂಟೆ. ಕವಿಯದಿದ್ದರೆ ಮುಚ್ಚಳ ಮುಚ್ಚಿ.
3. 200ರವರೆಗೆ ಗಂಟೆಗೆ 50 ಡಿಗ್ರಿ, 600ರವರೆಗೆ ಗಂಟೆಗೆ 100. 573ರಲ್ಲಿ ಕ್ವಾರ್ಟ್ಜ್ ಹಿಗ್ಗುತ್ತದೆ. ಇಲ್ಲಿ ಅವಸರ ಮಾಡಿದರೆ ಬಿರುಕು.
4. 1,000 ಡಿಗ್ರಿವರೆಗೆ ಗಂಟೆಗೆ 150. ಮಣ್ಣಿನ ಕಸಕಡ್ಡಿ ಸುಟ್ಟ ಹೊಗೆ ಹೋಗಲು ಮೇಲಿನ ರಂಧ್ರ ತೆರೆದೇ ಇರಲಿ. ಈ ಹೊತ್ತಿನಲ್ಲಿ ಅದೇ ಕೋಣೆಯಲ್ಲಿ ಕೂತು ಕೆಲಸ ಮಾಡಬೇಡಿ.

ಗ್ಲೇಜ್ ಸುಡುವಾಗ ಕಂಟ್ರೋಲರ್ ಒಂದನ್ನೇ ನೆಚ್ಚಬೇಡಿ. ಕೋನ್ ಎಂದರೆ ತನ್ನ ನಂಬರಿನ ಶಾಖ ತಲುಪಿದಾಗ ಬಾಗುವ ಸಣ್ಣ ಕಡ್ಡಿ. ಕೋನ್ 6ರ ಗ್ಲೇಜ್‌ಗೆ 5, 6, 7ರ ಕೋನ್‌ಗಳನ್ನು ರಂಧ್ರಕ್ಕೆ ಕಾಣುವಂತೆ ನಿಲ್ಲಿಸಿ. ಇಣುಕುವಾಗ 3ನೇ ನಂಬರಿನ ವೆಲ್ಡಿಂಗ್ ಕನ್ನಡಕ. ಕೊನೆಯ ಎರಡು ಗಂಟೆ ಯಾರಾದರೂ ಅಲ್ಲಿರಲೇಬೇಕು: ರಿಲೇ (ಕರೆಂಟ್ ಹಾಕಿ ತೆಗೆಯುವ ಒಳ ಸ್ವಿಚ್) ಅಂಟಿಕೊಂಡರೆ ಕಂಟ್ರೋಲರ್ ನಿಲ್ಲಿಸು ಎಂದರೂ ಕಿಲ್ನ್ ನಿಲ್ಲುವುದಿಲ್ಲ.

*ವೋಲ್ಟೇಜ್ ಇಳಿದರೆ.* 230ರಿಂದ 200 ವೋಲ್ಟಿಗೆ ಬಿದ್ದರೆ ಶಾಖ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. 7 ಕಿಲೋವ್ಯಾಟ್ ಎಂದುಕೊಂಡದ್ದು 5.3 ಆಗಿರುತ್ತದೆ. ಕಿಲ್ನ್ 1,150ರ ಆಸುಪಾಸಿನಲ್ಲಿ ತೆವಳುವುದು ಇದರ ಲಕ್ಷಣ. ಕಾಫಿಗೆ ನೀರು ಹಾಯಿಸುವ ಫೆಬ್ರುವರಿ–ಮಾರ್ಚ್‌ನಲ್ಲಿ ಹಗಲು ಪಂಪುಗಳು ಓಡುವ ಕಡೆ ಗ್ಲೇಜ್ ಅನ್ನು ರಾತ್ರಿಗೆ ಇಟ್ಟುಕೊಳ್ಳಿ.

*ಕರೆಂಟ್ ಹೋದರೆ.* ಮರ ಬಿದ್ದು ಲೈನ್ ಹೋಗುವುದು ಇಲ್ಲಿ ಹೊಸದಲ್ಲ, ಯೋಜನೆಯಲ್ಲೇ ಇರಲಿ. ಮೊದಲು ಕಿಲ್ನ್‌ನ ಸ್ವಿಚ್ ಆಫ್ ಮಾಡಿ. ಕರೆಂಟ್ ಬರುವಾಗಿನ ಏಟು ಕಂಟ್ರೋಲರ್‌ಗೆ ಬೀಳಬಾರದು. ಮುಚ್ಚಳ ತೆರೆಯಬೇಡಿ. ಬಂದ ಮೇಲೆ ಹತ್ತು ನಿಮಿಷ ಕಾದು, ಒಳಗಿನ ಉಷ್ಣತೆ ಓದಿ. ಬಿಸ್ಕ್ ಆದರೆ ಅಲ್ಲಿಂದಲೇ ಆಯಾ ಹಂತದ ವೇಗದಲ್ಲಿ ಮುಂದುವರಿಸಿ. ಗ್ಲೇಜ್‌ನಲ್ಲಿ 1,100 ದಾಟಿ 100 ಡಿಗ್ರಿಗೂ ಹೆಚ್ಚು ಇಳಿದಿದ್ದರೆ ಪೂರ್ತಿ ತಣಿಯಲು ಬಿಟ್ಟು ಇನ್ನೊಮ್ಮೆ ಸುಡಿ. ಏಪ್ರಿಲ್–ಮೇ ಗುಡುಗಿನ ಸಂಜೆಗಳಲ್ಲಿ ಸುಡುವಿಕೆ ಆರಂಭಿಸಲೇಬೇಡಿ.

*ತೆರೆಯುವುದು.* 100ಕ್ಕಿಂತ ಕೆಳಗೆ ಬಂದ ಮೇಲೆ, ಸಾಧ್ಯವಾದರೆ 60ಕ್ಕೆ. ಟಿಣ್ ಟಿಣ್ ಸದ್ದು ಕೇಳಿದರೆ ಮುಚ್ಚಿಬಿಡಿ, ಗ್ಲೇಜ್ ಬಿರಿಯುತ್ತಿದೆ. ಶೆಲ್ಫ್‌ಗೆ ಅಂಟಿದ ಗ್ಲೇಜ್ ಹನಿ ಗಾಜಿನ ಚೂರಿಯೇ ಸರಿ. ಗಾಗಲ್ ಇಲ್ಲದೆ ಉಜ್ಜಬೇಡಿ, ಬರಿ ಬೆರಳಿನಿಂದ ಸವರಿ ನೋಡಬೇಡಿ.

10. ಎಡವಟ್ಟಾದರೆ

ಸುಟ್ಟರೆ ಉಂಗುರ ತೆಗೆದು 20 ನಿಮಿಷ ಹರಿಯುವ ತಣ್ಣೀರು. ಟೂತ್‌ಪೇಸ್ಟ್, ಶಾಯಿ ಬೇಡ. ಕೊಯ್ದ ಗಾಯಕ್ಕೆ ಕಾಫಿಪುಡಿ ಒತ್ತುವ ರೂಢಿಯನ್ನೂ ಬಿಡಿ: ಸ್ವಚ್ಛ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಿರಿ. ಕಣ್ಣಿಗೆ ಪುಡಿ, ಅಂಟು ಬಿದ್ದರೆ 15 ನಿಮಿಷ ನೀರು, ಆಮೇಲೆ ವೈದ್ಯರು. ಅಂಟಿದ ರೆಪ್ಪೆ ಎಳೆಯಬಾರದು. ಶಾಕ್ ಹೊಡೆದವರನ್ನು ಮುಟ್ಟುವ ಮೊದಲು ಮೇನ್ ಆಫ್. ಕಿಲ್ನ್, ಲೇಸರ್ ಬೆಂಕಿಗೆ ನೀರು ಹಾಕದೆ ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಬಳಸಿ.

ತಲೆನೋವು, ವಾಕರಿಕೆ ಇಬ್ಬರಿಗೆ ಒಟ್ಟಿಗೇ ಬಂದರೆ ನೆಗಡಿ ಎಂದುಕೊಳ್ಳಬೇಡಿ. ಕೋಣೆಯ ಗಾಳಿ ಕೆಟ್ಟಿದೆ, ಎಲ್ಲರೂ ಹೊರಗೆ. 108ಕ್ಕೆ ಕರೆ ಮಾಡುವಾಗ ಹೇಳಬೇಕಾದ ದಾರಿಯ ಗುರುತನ್ನು ಫೋನ್ ಪಕ್ಕದ ಗೋಡೆಗೆ ಬರೆದಿಡಿ. ತೋಟದೊಳಗಿನ ರಸ್ತೆಗಳಲ್ಲಿ ಆಂಬುಲೆನ್ಸ್ ದಾರಿ ತಪ್ಪಿದರೆ ಅರ್ಧ ಗಂಟೆ ಹೋಯಿತು.

11. ಹೊರಡುವಾಗ

ಟೇಬಲ್ ಒದ್ದೆ ಸ್ಪಂಜಿನಲ್ಲಿ ಒರೆಸಿ, ಮಾಪ್ ತೊಳೆದು ಹಿಂಡಿ ನೇತುಹಾಕಿ. ಬಕೆಟ್ಟಿನಲ್ಲೇ ಬಿಟ್ಟರೆ ಎರಡೇ ದಿನಕ್ಕೆ ಬೂಷ್ಟು. ಏಪ್ರನ್ ಅನ್ನು ಕೊಡವದೆ ಮಡಚಿ ಚೀಲಕ್ಕೆ ಹಾಕಿ, ಮನೆಯಲ್ಲಿ ಬೇರೆ ಬಟ್ಟೆಯೊಂದಿಗೆ ಒಗೆಯಬೇಡಿ. ಯಂತ್ರಗಳ ಪ್ಲಗ್ ಕಿತ್ತು, ಬಲ್ಬಿನ ಬೀರುವನ್ನು ಕೊನೆಯದಾಗಿ ಮುಟ್ಟಿ ನೋಡಿ. ಪುಸ್ತಕದಲ್ಲಿ ಹೊರಟ ಸಮಯ, ಕಿಲ್ನ್‌ನ ಈಗಿನ ಉಷ್ಣತೆ, ಸೋರುವ ಹೆಂಚು ಯಾವುದು, ಯಾವ ಬ್ಲೇಡ್ ಮೊಂಡಾಗಿದೆ ಎಂದು ಬರೆದು, ಮಾಡಿನ ಸೋರಿಕೆಗೆ ನೆನೆಯದ ಜಾಗದಲ್ಲಿ ಪುಸ್ತಕ ಇಡಿ.